ಚುನಾವಣೆ ಹೊಸ್ತಿಲಲ್ಲಿ ಬೆಂಬಲ ವಾಪಸ್ ತಗೊಂಡ್ರೆ ಸರ್ಕಾರ ಬಿದ್ದೇ ಹೋಗುತ್ತಾ?

ಓದುಗರ ಪ್ರಶ್ನೆ: "ಸರ್ ನಮಸ್ಕಾರ. ಸೋಮವಾರಪೇಟೆ ಹತ್ರದವನು ನಾನು, ಆರ್ಮಿಯಲ್ಲಿ ಹವಾಲ್ದಾರ್ ಆಗಿದ್ದು ರಿಟೈರ್ ಆಗಿ ಈಗ ಸಣ್ಣದೊಂದು ಕಾಫಿ ತೋಟ ನೋಡ್ಕೊಂಡಿದೀನಿ. ನಮ್ಮ ಮಾಜಿ ಸೈನಿಕರ ವಾಟ್ಸಾಪ್ ಗ್ರೂಪಲ್ಲಿ ದಿನಾ ಇದೇ ಜಗಳ. ದೆಹಲಿಯಲ್ಲಿರೋದು ಮಿತ್ರಪಕ್ಷಗಳ ಮೇಲೆ ನಿಂತಿರೋ ಸರ್ಕಾರ, ಲೋಕಸಭೆ ಚುನಾವಣೆ ಹತ್ತಿರ ಬಂದಾಗ ಒಬ್ರು ಕೈಕೊಟ್ರೂ ಅಲ್ಪಮತಕ್ಕೆ ಬೀಳುತ್ತೆ, ಆಗ ರಾಷ್ಟ್ರಪತಿ ಆಳ್ವಿಕೆ ಬರುತ್ತೆ, ಬಜೆಟ್ ಪಾಸಾಗಲ್ಲ, ಪೆನ್ಷನ್ ನಿಂತುಹೋಗುತ್ತೆ ಅಂತ ಒಬ್ಬರು. ಅಯ್ಯೋ ಎಂಪಿಗಳನ್ನ ಕೊಂಡ್ಕೊಂಡು ಸರಿ ಮಾಡ್ಕೋತಾರೆ ಬಿಡಿ ಅಂತ ಇನ್ನೊಬ್ಬರು. ಮಗಳು ಕೆನಡಾದಲ್ಲಿದಾಳೆ, ಅಲ್ಲಿ ಅಲ್ಪಮತದ ಸರ್ಕಾರಗಳು ವರ್ಷಗಟ್ಲೆ ನಡೀತವೆ ಅಪ್ಪ, ಅದಕ್ಯಾಕೆ ಹೆದರ್ತೀರ ಅಂತಾಳೆ. ಮಗ ಸರ್ವಿಸಲ್ಲಿದಾನೆ. ನಿಜ ಏನು? ಸ್ಥಿರ ಸರ್ಕಾರ ಬೇಕು ಅಂದ್ರೆ ನಮ್ಮಂಥವರು ಏನು ನೋಡಿ ಓಟು ಹಾಕ್ಬೇಕು? ಅವಧಿಗೆ ಮುಂಚೆನೇ ಚುನಾವಣೆ ಬಂದ್ರೆ ಮಕ್ಕಳಿಬ್ಬರ ಓಟಿನ ಕತೆ ಏನು?"

ಉತ್ತರ: ಹವಾಲ್ದಾರ್ ಸಾಹೇಬ್ರೇ, ನಮಸ್ಕಾರ. ನೀವು ಕೇಳಿರೋದು ಐದಾರು ಪ್ರಶ್ನೆ, ಒಳಗಿರೋ ಅಳುಕು ಮಾತ್ರ ಒಂದೇ. ದೆಹಲಿಯಲ್ಲಿ ಸಂಖ್ಯೆ ಕಮ್ಮಿ ಆದ್ರೆ ಅದರ ಬಿಸಿ ನಮ್ಮ ಮನೆ ಬಾಗಿಲಿಗೆ ಎಷ್ಟು ಬರುತ್ತೆ ಅನ್ನೋದು. ನಾನು ವಿಧಾನಸಭೆ ಸಚಿವಾಲಯದಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಯಾವ ಪಕ್ಷದ ಲೆಕ್ಕದಲ್ಲೂ ಇಲ್ಲ, ಸದನದ ಕಾಗದಪತ್ರ ನೋಡ್ಕೊಂಡೇ ತಲೆಕೂದಲು ಬೆಳ್ಳಗಾಗಿದ್ದು. ಆದ್ದರಿಂದ ಗ್ರೂಪಲ್ಲಿ ಓಡಾಡ್ತಿರೋ ಮಾತುಗಳಲ್ಲಿ ಯಾವುದು ಗಟ್ಟಿ ಯಾವುದು ಜೊಳ್ಳು ಅಂತ ಹೇಳಬಲ್ಲೆ, ಯಾರಿಗೆ ಓಟು ಹಾಕಿ ಅಂತ ಮಾತ್ರ ಹೇಳಲ್ಲ.

ಮೊದಲನೇದಾಗಿ, ಸಮ್ಮಿಶ್ರ ಸರ್ಕಾರ ಬೇರೆ ಅಲ್ಪಮತದ ಸರ್ಕಾರ ಬೇರೆ, ಇದನ್ನ ಟಿವಿಯವರೂ ಕಲಸಿಬಿಡ್ತಾರೆ. 2024ರಲ್ಲಿ ಬಿಜೆಪಿಗೆ ಬಂದಿದ್ದು 240, ಅರ್ಧದ ಗೆರೆ 272, ಹಾಗಾಗಿ ಒಂದೇ ಪಕ್ಷಕ್ಕೆ ಬಹುಮತ ಇಲ್ಲ ಅನ್ನೋದು ಸರಿ. ಆದ್ರೆ ಚುನಾವಣೆಗೆ ಮುಂಚೆನೇ ಜೊತೆಗಿದ್ದ ಮೈತ್ರಿಕೂಟದ ಲೆಕ್ಕ 293, ಅವರು ಸರ್ಕಾರದ ಒಳಗೇ ಇದಾರೆ, ಮಂತ್ರಿಗಳೂ ಆಗಿದಾರೆ. ಅದು ಬಹುಮತದ ಸರ್ಕಾರನೇ. ಒಬ್ರು ಕೈಕೊಟ್ರೂ ಬಿತ್ತು ಅನ್ನೋದೂ ಆ ಫಲಿತಾಂಶದ ಲೆಕ್ಕದಲ್ಲಿ ಕೂರಲ್ಲ, 16 ಸೀಟಿನ ಟಿಡಿಪಿ ಒಂದೇ ಹೊರಗೆ ಹೋದ್ರೆ 277 ಉಳಿಯುತ್ತೆ, ಜೊತೆಗೆ 12 ಸೀಟಿನ ಜೆಡಿಯು ಕೂಡ ಹೋದ್ರೆ ಆಗ 265. ಅಲ್ಪಮತ ಅನ್ನೋ ಮಾತು ಶುರುವಾಗೋದು ಅಲ್ಲಿಂದ.

ರಾಷ್ಟ್ರಪತಿ ಆಳ್ವಿಕೆ ವಿಷಯ ಇನ್ನೂ ಸುಲಭ. ಕೇಂದ್ರದಲ್ಲಿ ಅಂಥದ್ದೊಂದು ಇಲ್ವೇ ಇಲ್ಲ. 356ನೇ ವಿಧಿ ಇರೋದು ರಾಜ್ಯಗಳಿಗೆ. ದೆಹಲಿಯಲ್ಲಿ ಪ್ರಧಾನಿ ಮತ್ತೆ ಮಂತ್ರಿಮಂಡಲ ಇಲ್ಲದೆ ರಾಷ್ಟ್ರಪತಿ ಒಂದು ದಿನಾನೂ ಆಡಳಿತ ನಡೆಸೋ ಹಾಗಿಲ್ಲ, ಲೋಕಸಭೆ ವಿಸರ್ಜನೆ ಆದ್ಮೇಲೂ ಮಂತ್ರಿಮಂಡಲ ಇರಲೇಬೇಕು ಅಂತ ಸುಪ್ರೀಂ ಕೋರ್ಟು 1971ರಲ್ಲೇ ಹೇಳಿಬಿಟ್ಟಿದೆ. ಸರ್ಕಾರ ಬಿದ್ರೆ ಅದೇ ಪ್ರಧಾನಿ ಉಸ್ತುವಾರಿ ಪ್ರಧಾನಿ ಆಗಿ ಮುಂದಿನವರು ಬರೋವರೆಗೆ ಕೂತಿರ್ತಾರೆ. ಚರಣ್ ಸಿಂಗ್ 1979ರ ಆಗಸ್ಟಲ್ಲಿ ಲೋಕಸಭೆಯನ್ನ ಒಂದು ಸಲಾನೂ ಎದುರಿಸದೆ ರಾಜೀನಾಮೆ ಕೊಟ್ಟು 1980ರ ಜನವರಿವರೆಗೆ ಹಾಗೇ ನಡೆಸಿದ್ರು. ವಾಜಪೇಯಿ ಸರ್ಕಾರ 1999ರ ಏಪ್ರಿಲ್ 17ಕ್ಕೆ ಬಿತ್ತು, 269ಕ್ಕೆ 270, ಒಂದೇ ಒಂದು ಓಟು. ಅದಾಗಿ ಮುಂದಿನ ತಿಂಗಳೇ ಕಾರ್ಗಿಲ್ ಶುರು. ಇಡೀ ಯುದ್ಧ ನಡೆಸಿದ್ದು ಸದನದಲ್ಲಿ ಸೋತಿದ್ದ ಉಸ್ತುವಾರಿ ಸರ್ಕಾರ ಅನ್ನೋದನ್ನ ನಿಮ್ಮ ಗ್ರೂಪಲ್ಲಿ ಒಬ್ರೂ ನೆನಪು ಮಾಡ್ಕೊಳ್ಳಲಿಲ್ಲ ಅನ್ನೋದೇ ನನಗೆ ಆಶ್ಚರ್ಯ, ಅಲ್ಲಿ ಆಗ ಸರ್ವಿಸಲ್ಲಿದ್ದವರೇ ಎಷ್ಟೋ ಜನ ಇರ್ಬೇಕಲ್ವಾ.

ಈಗ 272 ಅನ್ನೋ ಸಂಖ್ಯೆಗೆ ಬರೋಣ. ಇದು ಬೇಕಾಗೋದು ಅಂದ್ಕೊಂಡಷ್ಟು ಸಲ ಅಲ್ಲ. ಸದನದಲ್ಲಿ ಲೆಕ್ಕಕ್ಕೆ ಬರೋದು ಹಾಜರಿದ್ದು ಓಟು ಹಾಕಿದವರು ಮಾತ್ರ. ವಿಧಾನಸಭೆಯಲ್ಲಿ ಮತ ವಿಭಜನೆ ಆಗೋದು ಹೇಗೆ ಅಂದ್ರೆ, ಮೊದಲು ಬೆಲ್ ಹೊಡೀತದೆ, ಕ್ಯಾಂಟೀನಲ್ಲಿ ಕಾರಿಡಾರಲ್ಲಿ ಇರೋರೆಲ್ಲ ಓಡೋಡಿ ಬರ್ತಾರೆ, ಬೆಲ್ ನಿಂತ ಕೂಡ್ಲೆ ಮಾರ್ಷಲ್‌ಗಳು ಬಾಗಿಲು ಹಾಕ್ತಾರೆ, ಆಮೇಲೆ ಮಂತ್ರಿ ಬಂದು ಬಾಗಿಲು ತಟ್ಟಿದ್ರೂ ತೆಗೆಯಲ್ಲ. ಒಂದೊಂದು ಸಾಲನ್ನ ಎದ್ದು ನಿಲ್ಲಿಸಿ ಸಿಬ್ಬಂದಿ ಎಣಿಸ್ತಾರೆ, ಸಾಲಿನ ಎದುರಿಗೆ ಅಂಕಿ ಬರ್ಕೋತಾರೆ, ಕೂಡಿಸಿ ಸ್ಪೀಕರ್ ಕೈಗೆ ಚೀಟಿ ಕೊಡ್ತಾರೆ. ಆ ಚೀಟಿಯಲ್ಲಿ ಗೈರುಹಾಜರಿಗೆ ಅಂತ ಜಾಗ ಇಲ್ಲ. 2019ರ ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ ಬಿದ್ದಾಗ ಪರ 99, ವಿರುದ್ಧ 105. ನೋಡಿ, 224 ಕ್ಷೇತ್ರದ ಸದನದಲ್ಲಿ ಗೆದ್ದವರಿಗೂ ಅರ್ಧ ಇರಲಿಲ್ಲ. ಹೊರಗುಳಿದವರೇ ಅವತ್ತು ತೀರ್ಮಾನ ಮಾಡಿದ್ದು.

ಲೋಕಸಭೆಯಲ್ಲಿ ಇದರ ಅಂದವಾದ ಉದಾಹರಣೆ 2012ರ ಡಿಸೆಂಬರ್, ಮನಮೋಹನ್ ಸಿಂಗ್ ಸರ್ಕಾರ ಇದ್ದಾಗ. ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳ ಬೇಡ ಅಂತ ವಿರೋಧ ಪಕ್ಷಗಳು ನಿರ್ಣಯ ತಂದ್ವು. ಮುಲಾಯಂ ಅವರ ಪಕ್ಷ, ಮಾಯಾವತಿ ಅವರ ಪಕ್ಷ ಎರಡೂ ವಿದೇಶಿ ಬಂಡವಾಳದ ವಿರುದ್ಧ ಭರ್ಜರಿ ಭಾಷಣ ಮಾಡಿ, ಓಟಿನ ಹೊತ್ತಿಗೆ ಸಭಾತ್ಯಾಗ ಮಾಡಿದ್ವು. ನಿರ್ಣಯಕ್ಕೆ ಬಿದ್ದಿದ್ದು 218, ಸರ್ಕಾರದ ಕಡೆ 253. 272 ಎಲ್ಲಿ ಬಂತು? ಊರಲ್ಲಿ ಬೈದ ಹಾಗೂ ಆಯ್ತು, ದೆಹಲಿಯಲ್ಲಿ ಉಳಿಸಿದ ಹಾಗೂ ಆಯ್ತು. ಅಲ್ಪಮತದ ಸರ್ಕಾರ ಬದುಕೋದೇ ಇಂಥ ಸಭಾತ್ಯಾಗಗಳ ಮೇಲೆ, ಅದಕ್ಕೆ ಟಿವಿಯಲ್ಲಿ ಯಾರು ಕೂಗಾಡ್ತಿದಾರೆ ಅಂತ ನೋಡೋದಕ್ಕಿಂತ ಬಾಗಿಲು ಹಾಕಿದಾಗ ಒಳಗೆ ಯಾರಿದಾರೆ ಅಂತ ನೋಡಿ.

ಇನ್ನು ನಿಮ್ಮ ಪ್ರಶ್ನೆಯ ತಿರುಳು, ಚುನಾವಣೆ ಹತ್ತಿರ ಬಂದಾಗ ಸರ್ಕಾರ ಬೀಳುತ್ತಾ ಅನ್ನೋದು. ಇದರಲ್ಲಿ ಜನ ಅಂದ್ಕೊಂಡಿರೋದು ಮತ್ತೆ ದಾಖಲೆ ಹೇಳೋದು ಪೂರ್ತಿ ಉಲ್ಟಾ. ಕೇಂದ್ರದಲ್ಲಿ ಬಿದ್ದ ಸರ್ಕಾರಗಳನ್ನ ಸಾಲಾಗಿ ಇಟ್ಟು ನೋಡಿ. ವಿ.ಪಿ. ಸಿಂಗ್ ಹನ್ನೊಂದು ತಿಂಗಳು, ಚಂದ್ರಶೇಖರ್ ರಾಜೀನಾಮೆ ಕೊಟ್ಟಿದ್ದು ನಾಲ್ಕೇ ತಿಂಗಳಿಗೆ, ನಮ್ಮ ದೇವೇಗೌಡ್ರು 1996ರ ಜೂನ್ 1ಕ್ಕೆ ಪ್ರಮಾಣ ವಚನ ತಗೊಂಡು 1997ರ ಏಪ್ರಿಲ್ 11ಕ್ಕೆ ವಿಶ್ವಾಸಮತದಲ್ಲಿ ಸೋತ್ರು, ಗುಜ್ರಾಲ್ ಏಳೇ ತಿಂಗಳಿಗೆ ರಾಜೀನಾಮೆ, ವಾಜಪೇಯಿ ಅವರ ಎರಡನೇ ಸಲದ್ದು ಹದಿಮೂರು ತಿಂಗಳು. ಎಲ್ಲಾ ಬಿದ್ದಿದ್ದು ಐದು ವರ್ಷದ ಅವಧಿ ಇನ್ನೂ ಬೇಕಾದಷ್ಟು ಬಾಕಿ ಇದ್ದಾಗ. ಈಗ ಚುನಾವಣೆ ಹತ್ತಿರ ಇದ್ದಾಗ ಬೆಂಬಲ ವಾಪಸ್ ಹೋದದ್ದನ್ನ ನೋಡಿ. ಅಮೆರಿಕದ ಜೊತೆಗಿನ ಅಣು ಒಪ್ಪಂದದ ಗಲಾಟೆಯಲ್ಲಿ 2008ರ ಜುಲೈಗೆ ಎಡಪಕ್ಷಗಳು ಹೋದ್ವು, ಮನಮೋಹನ್ ಸಿಂಗ್ ಸರ್ಕಾರ 275ಕ್ಕೆ 256ರಲ್ಲಿ ಗೆದ್ದು ಅವಧಿ ಮುಗಿಸ್ತು. 2012ರ ಸೆಪ್ಟೆಂಬರಲ್ಲಿ ಮಮತಾ, 2013ರ ಮಾರ್ಚಲ್ಲಿ ಶ್ರೀಲಂಕಾ ತಮಿಳರ ವಿಷಯಕ್ಕೆ ಡಿಎಂಕೆ, ಸರ್ಕಾರ 2014ರ ಚುನಾವಣೆವರೆಗೂ ನಡೀತು. 2018ರ ಮಾರ್ಚಲ್ಲಿ ಟಿಡಿಪಿ ಮೈತ್ರಿಕೂಟ ಬಿಡ್ತು, ಅವಿಶ್ವಾಸ ನಿರ್ಣಯಾನೂ ತಂತು, ಅದು ಬಹುಮತದ ಸರ್ಕಾರ ಆದ್ರಿಂದ 126ಕ್ಕೆ 325ರಲ್ಲಿ ಮಕಾಡೆ ಮಲಗ್ತು.

ಯಾಕೆ ಹೀಗೆ? ಮೊದಲ ಸಾಲಿನ ಸರ್ಕಾರಗಳಲ್ಲಿ ಹೆಚ್ಚಿನವು ಹೊರಗಿಂದ ಬೆಂಬಲ ಕೊಡ್ತಿದ್ದ ಒಂದು ದೊಡ್ಡ ಪಕ್ಷದ ಕೈಯಲ್ಲಿದ್ವು, ಆ ದೊಡ್ಡ ಪಕ್ಷಕ್ಕೇ ಕುರ್ಚಿ ಮೇಲೆ ಕಣ್ಣು. ಚಂದ್ರಶೇಖರ್‌ಗೆ, ದೇವೇಗೌಡ್ರಿಗೆ, ಗುಜ್ರಾಲ್‌ಗೆ ಕಾಂಗ್ರೆಸ್, ವಿ.ಪಿ. ಸಿಂಗ್‌ಗೆ ಒಂದು ಕಡೆ ಬಿಜೆಪಿ ಇನ್ನೊಂದು ಕಡೆ ಎಡಪಕ್ಷಗಳು. ಬೆಂಬಲ ಕೊಟ್ಟವರಿಗೆ ಮಂತ್ರಿಗಿರಿ ಇಲ್ಲ, ಹೊಣೆ ಇಲ್ಲ, ಸರ್ಕಾರ ಚೆನ್ನಾಗಿ ನಡೆದ್ರೆ ಲಾಭಾನೂ ಇಲ್ಲ. ರಾಜೀವ್ ಗಾಂಧಿ ಮನೆ ಹತ್ರ ಹರಿಯಾಣದ ಇಬ್ಬರು ಪೊಲೀಸ್ ಪೇದೆಗಳು ಕಣ್ಗಾವಲಿಗೆ ನಿಂತಿದ್ರು ಅನ್ನೋ ಆರೋಪದ ಮೇಲೆ ಚಂದ್ರಶೇಖರ್ ಸರ್ಕಾರವೇ ಹೋಯ್ತು ಅಂದ್ರೆ ಬೆಂಬಲ ಎಂಥದ್ದಿತ್ತು ಅಂತ ಊಹಿಸ್ಕೊಳ್ಳಿ. ಎರಡನೇ ಸಾಲಿನವರು ಹೆಚ್ಚಾಗಿ ರಾಜ್ಯಮಟ್ಟದ ಪಕ್ಷಗಳು. ಅವರಿಗೆ ತಮ್ಮ ರಾಜ್ಯದ ಓಟರ್ ಮುಂದೆ ನಾವು ಅವರ ಬಾಲ ಅಲ್ಲ ಅಂತ ತೋರಿಸ್ಕೋಬೇಕು, ಬಿಟ್ಟು ಬಂದ್ವಿ ಅಂದ್ರೆ ಅಷ್ಟು ಸಾಕು, ಸರ್ಕಾರ ಬೀಳಲೇಬೇಕು ಅಂತೇನಿಲ್ಲ. ವಿರೋಧ ಪಕ್ಷಕ್ಕೂ ಹೇಗಿದ್ರೂ ಆರು ತಿಂಗಳಿಗೆ ಚುನಾವಣೆ ಬರೋದು ಗ್ಯಾರಂಟಿ, ಈಗ ಬೀಳಿಸಿ ಎದುರಾಳಿಗೆ ಅನುಕಂಪ ಯಾಕೆ ಕೊಡೋದು, ಇನ್ನೂ ಸ್ವಲ್ಪ ದಿನ ಬೈಸ್ಕೊಳ್ಳಲಿ ಅನ್ನೋ ಲೆಕ್ಕ. ಎಂಪಿಗಳಿಗಂತೂ ಕೊನೇ ಕಂತಿನ ಕ್ಷೇತ್ರಾಭಿವೃದ್ಧಿ ನಿಧಿ ಖರ್ಚು ಮಾಡಿ ಬೋರ್ಡ್ ಹಾಕ್ಕೊಳ್ಳೋ ಟೈಮ್ ಅದು. ಹಾಗಾಗಿ ಚುನಾವಣೆ ಹತ್ತಿರ ಬಂದಷ್ಟೂ ಬೆಂಬಲ ವಾಪಸ್ ಅನ್ನೋ ಸುದ್ದಿ ಜಾಸ್ತಿ ಆಗುತ್ತೆ, ಬೀಳೋ ಸಾಧ್ಯತೆ ಕಮ್ಮಿ ಆಗುತ್ತೆ. ಇದು ನಾನು ಈ ಉತ್ತರದಲ್ಲಿ ಹೇಳೋ ಮುಖ್ಯ ಮಾತು, ಗ್ರೂಪಿಗೆ ಒಂದೇ ಸಾಲು ಫಾರ್ವರ್ಡ್ ಮಾಡ್ತೀರ ಅಂದ್ರೆ ಇದನ್ನೇ ಮಾಡಿ.

ಹಾಗಂತ ಅಪಾಯ ಇಲ್ಲ ಅಂತಲ್ಲ. ಅಪಾಯ ಇರೋದು ಬೇರೆ ಕಡೆ, ಆ ಕೊನೇ ತಿಂಗಳುಗಳಲ್ಲಿ ಆಗೋ ತೀರ್ಮಾನಗಳಲ್ಲಿ. ಇದಕ್ಕೆ ನಮ್ಮ ಜಿಲ್ಲೆಗೇ ತಾಗಿದ ಎರಡು ಉದಾಹರಣೆ ಇವೆ, ಎರಡೂ 2014ರವು.

ಒಂದು ನಿಮ್ಮದೇ, ಒನ್ ರ್‍ಯಾಂಕ್ ಒನ್ ಪೆನ್ಷನ್. ಒಂದೇ ದರ್ಜೆಯಲ್ಲಿ ಅಷ್ಟೇ ವರ್ಷ ಸೇವೆ ಮಾಡಿದವರಿಗೆ, ಯಾವಾಗ ರಿಟೈರ್ ಆಗಿದ್ರೂ, ಒಂದೇ ಪೆನ್ಷನ್ ಅನ್ನೋದು. ಎಷ್ಟೋ ವರ್ಷದ ಬೇಡಿಕೆ. 2014ರ ಫೆಬ್ರವರಿ 17ರ ಮಧ್ಯಂತರ ಬಜೆಟ್ಟಲ್ಲಿ ಚಿದಂಬರಂ ಒಪ್ಪಿಗೆ ಅಂದ್ರು, 500 ಕೋಟಿ ಇಟ್ಟಿದೀವಿ ಅಂದ್ರು. ಮಾರ್ಚ್ 5ಕ್ಕೆ ಚುನಾವಣೆ ಘೋಷಣೆ ಆಯ್ತು. ಮುಂದಿನ ಸರ್ಕಾರ ಬಂತು, ಅದೂ ಹೌದು ಹೌದು ಅಂತು, ಆದ್ರೆ ಯಾವ ವರ್ಷ ಆಧಾರ, ಎಷ್ಟು ವರ್ಷಕ್ಕೊಮ್ಮೆ ಪರಿಷ್ಕರಣೆ ಅನ್ನೋದು ಯಾವುದೂ ತೀರ್ಮಾನ ಆಗಿರಲಿಲ್ಲ, 2015ರಲ್ಲಿ ಮಾಜಿ ಸೈನಿಕರು ಜಂತರ್ ಮಂತರಲ್ಲಿ ಕೂರಬೇಕಾಯ್ತು, ಆದೇಶ ಹೊರಬಿದ್ದಿದ್ದು ಆ ವರ್ಷದ ನವೆಂಬರ್ 7ಕ್ಕೆ, ಜಾರಿ 2014ರ ಜುಲೈ 1ರಿಂದ ಅಂತ. ಘೋಷಣೆ ಒಬ್ಬರದ್ದು, ಸಹಿ ಇನ್ನೊಬ್ಬರದ್ದು, ಕಾದಿದ್ದು ನೀವು. ಕೊನೇ ಗಳಿಗೆಯಲ್ಲಿ ಸಿಗೋದು ಹೀಗೇ ಇರುತ್ತೆ, ಮೊತ್ತ ಇರುತ್ತೆ, ನಿಯಮ ಇರಲ್ಲ.

ಇನ್ನೊಂದು ಕಸ್ತೂರಿರಂಗನ್ ವರದಿ, ಪಶ್ಚಿಮಘಟ್ಟದಲ್ಲಿ ಗಣಿಗಾರಿಕೆಯಂಥದ್ದಕ್ಕೆ ನಿರ್ಬಂಧ ಹಾಕಿ ಉಳಿಸ್ಬೇಕಾದ ಜಾಗ ಯಾವ್ಯಾವುದು ಅಂತ ಗುರುತಿಸಿದ್ದು. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಮೊದಲ ಕರಡು ಅಧಿಸೂಚನೆ ಬಂದಿದ್ದು 2014ರ ಮಾರ್ಚ್ 10ಕ್ಕೆ, ಅಂದ್ರೆ ಚುನಾವಣೆ ಘೋಷಣೆಯಾಗಿ ಐದು ದಿನಕ್ಕೆ. ವರದಿ ಪ್ರಕಾರ ಕೇರಳದಲ್ಲಿ 13,108 ಚದರ ಕಿಲೋಮೀಟರ್ ಸೇರಬೇಕಿತ್ತು, ಇಡುಕ್ಕಿ ವಯನಾಡು ಕಡೆ ಗಲಾಟೆ ಎದ್ದಿತ್ತು, ಕರಡಲ್ಲಿ ಅದು 9,993.7ಕ್ಕೆ ಇಳೀತು. ಕರ್ನಾಟಕದ್ದು 20,668 ಇದ್ದಿದ್ದು ಹಾಗೇ ಇತ್ತು, ಅದರಲ್ಲಿ ಕೊಡಗಿನ 55 ಹಳ್ಳಿ. ವರದಿ ಸರಿಯೋ ತಪ್ಪೋ ಅನ್ನೋ ವಾದಕ್ಕೆ ನಾನೀಗ ಹೋಗಲ್ಲ, ಹೋದ್ರೆ ಈ ಉತ್ತರ ಮುಗಿಯಲ್ಲ, ನಮ್ಮ ಮನೆಯಲ್ಲೇ ಎರಡು ಪಾರ್ಟಿ ಇದೆ. ನಾನು ಹೇಳೋದು ಇಷ್ಟೇ, ಕೇರಳ ಸರ್ಕಾರ ತಾನೇ ಸಮಿತಿ ಮಾಡ್ಕೊಂಡು ಲೆಕ್ಕ ಇಟ್ಕೊಂಡು ಹೋಗಿತ್ತು, ಜೊತೆಗೆ ಅಲ್ಲಿನ ಬೆಟ್ಟದ ಜಿಲ್ಲೆಗಳ ಓಟು ಚುನಾವಣೆ ಹೊತ್ತಲ್ಲಿ ತೂಕ ಇದ್ದ ಓಟು. ನಾವು ಇಲ್ಲಿ ಪ್ರತಿಭಟನೆ ಮಾಡಿದ್ವಿ ನಿಜ, ಆದ್ರೆ ಲೋಕಸಭೆ ಲೆಕ್ಕದಲ್ಲಿ ಕೊಡಗು ಅಂದ್ರೆ ಮೈಸೂರು–ಕೊಡಗು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರದಲ್ಲಿ ಎರಡು, ಮಡಿಕೇರಿ ವಿರಾಜಪೇಟೆ, ಅಷ್ಟೇ. ಅದಕ್ಕೂ ಮುಂಚೆ ಮಂಗಳೂರಿನ ಬಾಲಕ್ಕೆ ಕಟ್ಟಿದ್ರು, ಈಗ ಮೈಸೂರಿನ ಬಾಲಕ್ಕೆ. 2024ರ ಜುಲೈಗೆ ಆ ಕರಡಿನ ಆರನೇ ಆವೃತ್ತಿ ಬಂತು. ಸಂಖ್ಯೆ ಕಮ್ಮಿ ಇರೋ ಸರ್ಕಾರ ಚುನಾವಣೆ ಹೊತ್ತಲ್ಲಿ ಯಾರ ಮಾತು ಕೇಳುತ್ತೆ ಅನ್ನೋದಕ್ಕೆ ನನ್ನ ಓದಿನ ಪ್ರಕಾರ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾಗಿಲ್ಲ.

ಆದ್ರೆ ಇನ್ನೊಂದು ಮುಖಾನೂ ಹೇಳ್ಬೇಕು, ಇಲ್ಲದಿದ್ರೆ ಅಲ್ಪಮತ ಅಂದ್ರೆ ಶನಿ ಅಂತ ಆಗಿಬಿಡುತ್ತೆ. ನಿಮ್ಮ ತೋಟದ ಕಾಫಿಯನ್ನ ನೀವು ಬೇಕಾದವರಿಗೆ ಮಾರ್ತಿದೀರಲ್ಲ, ಆ ಸ್ವಾತಂತ್ರ್ಯ ಕೊಟ್ಟಿದ್ದು ಯಾವ ಸರ್ಕಾರ? ನಮ್ಮ ಅಪ್ಪಂದಿರ ಕಾಲದಲ್ಲಿ ಬೆಳೆದಿದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಸುರಿದು ದುಡ್ಡಿಗೆ ಕಂತು ಕಂತಾಗಿ ಕಾಯಬೇಕಿತ್ತು. 1992ರಲ್ಲಿ ನೂರಕ್ಕೆ 30ರಷ್ಟನ್ನ ದೇಶದೊಳಗೆ ಮಾರ್ಕೊಳ್ಳಿ ಅಂದ್ರು, 1993ರಲ್ಲಿ ಅರ್ಧ, ಆಮೇಲೆ ಸಣ್ಣ ಬೆಳೆಗಾರರಿಗೆ ಪೂರ್ತಿ, 1996ರ ಸೆಪ್ಟೆಂಬರಲ್ಲಿ ಎಲ್ಲರಿಗೂ ಪೂರ್ತಿ. ಶುರು ಮಾಡಿದ್ದು ಬಹುಮತ ಇಲ್ಲದೆ ಬಂದ ನರಸಿಂಹ ರಾವ್ ಸರ್ಕಾರ, ಮುಗಿಸಿದ್ದು ಕಾಂಗ್ರೆಸ್ ಹೊರಗಿಂದ ಹಿಡ್ಕೊಂಡಿದ್ದ ದೇವೇಗೌಡ್ರ ಸರ್ಕಾರ. ಬಹುಮತ ಭದ್ರವಾಗಿದ್ದ ಎಷ್ಟೋ ಸರ್ಕಾರ ಮುಟ್ಟದೇ ಬಿಟ್ಟ ಕೆಲಸ ಅದು. ಕೊಡಗಲ್ಲಿ ಈಗ ಕಾಣೋ ಹೊಸ ಮನೆಗಳಲ್ಲಿ ಎಷ್ಟರ ಅಡಿಪಾಯದಲ್ಲಿ ಆ ತೀರ್ಮಾನ ಇದೆ ಅಂತ ಯೋಚಿಸಿ.

ಪೆನ್ಷನ್ ನಿಲ್ಲುತ್ತೆ ಅನ್ನೋದಕ್ಕೆ ಎರಡೇ ಮಾತು. ಸರ್ಕಾರ ಬಿದ್ರೂ ಖಜಾನೆಯಿಂದ ದುಡ್ಡು ತೆಗೆಯೋಕೆ ಲೋಕಸಭೆ ಒಪ್ಪಿಗೆ ಮೊದಲೇ ಕೊಟ್ಟಿರುತ್ತೆ, ಪೂರ್ತಿ ಬಜೆಟ್ ಆಗದಿದ್ರೆ ಲೇಖಾನುದಾನ ಅಂತ ಕೆಲವು ತಿಂಗಳಿಗೆ ಕೊಡುತ್ತೆ. 1991ರ ಮಾರ್ಚಲ್ಲಿ ಚಂದ್ರಶೇಖರ್ ರಾಜೀನಾಮೆ ಕೊಟ್ಟಾಗಲೂ ಲೇಖಾನುದಾನ ಪಾಸ್ ಮಾಡಿಯೇ ಲೋಕಸಭೆ ಮುಗಿಸಿದ್ದು, 1999ರಲ್ಲಿ ಸರ್ಕಾರವನ್ನ ಬೀಳಿಸಿದವರೇ ಕೆಲವೇ ದಿನದಲ್ಲಿ ಕೂತು ಚರ್ಚೆ ಇಲ್ಲದೆ ಹಣಕಾಸು ಮಸೂದೆ ಪಾಸ್ ಮಾಡಿಕೊಟ್ರು. ಯಾವ ಪಕ್ಷಕ್ಕೂ ಸೈನಿಕರ ಪೆನ್ಷನ್ ನಿಲ್ಲಿಸಿದ ಹೆಸರು ಬೇಡ. ನಿಲ್ಲೋದು ಹೊಸದು, ಹೊಸ ಯೋಜನೆ, ಹೊಸ ಸಬ್ಸಿಡಿ, ಹೊಸ ಶಂಕುಸ್ಥಾಪನೆ. ಕಾಫಿ ಬೋರ್ಡಿನ ಸಬ್ಸಿಡಿಗೆ ಅರ್ಜಿ ಹಾಕೋದಿದ್ರೆ ನೀತಿಸಂಹಿತೆ ಬರೋದಕ್ಕೆ ಮುಂಚೆ ಹಾಕಿ ಸ್ವೀಕೃತಿ ಇಟ್ಕೊಳ್ಳಿ, ಮಂಜೂರಾಗಿ ನಡೀತಿರೋದು ನಿಲ್ಲಲ್ಲ, ಮಂಜೂರಾಗದೇ ಇರೋದು ಫೈಲಲ್ಲೇ ಮಲಗುತ್ತೆ. ಅವಧಿಗೆ ಮುಂಚೆ ಚುನಾವಣೆ ಬಂದ್ರೆ ಕೊಡಗಿನವರಿಗೆ ಇನ್ನೊಂದು ತಲೆನೋವು ಇದ್ದದ್ದೇ, ಕೋವಿ ಠಾಣೆಗೆ ಜಮಾ ಮಾಡಿ ಅನ್ನೋ ಆದೇಶ. ತೋಟದಲ್ಲಿ ಹಂದಿ ಕಾಟ ಇದ್ದವರು ವಿನಾಯಿತಿಗೆ ಅರ್ಜಿ ಮೊದಲೇ ರೆಡಿ ಇಟ್ಕೊಳ್ಳೋದು ಒಳ್ಳೇದು, ಕೊನೇ ದಿನ ಠಾಣೆ ಮುಂದೆ ಕ್ಯೂ ನಿಂತು ಜಗಳ ಆಡೋ ಬದಲು.

ಎಂಪಿಗಳನ್ನ ಕೊಂಡ್ಕೋತಾರೆ ಅನ್ನೋದು ಪೂರ್ತಿ ಸುಳ್ಳು ಅಂತ ಹೇಳೋಕೆ ನನ್ನಿಂದ ಆಗಲ್ಲ. 1993ರ ಜುಲೈಯಲ್ಲಿ ನರಸಿಂಹ ರಾವ್ ಸರ್ಕಾರ ಅವಿಶ್ವಾಸವನ್ನ 251ಕ್ಕೆ 265ರಲ್ಲಿ ಗೆದ್ದಿದ್ದು, ಜಾರ್ಖಂಡ್ ಮುಕ್ತಿ ಮೋರ್ಚಾದ ಎಂಪಿಗಳಿಗೆ ದುಡ್ಡು ಹೋಗಿದೆ ಅಂತ ಕೇಸಾಯ್ತು. ದುಡ್ಡು ತಗೊಂಡು ಸದನದಲ್ಲಿ ಓಟು ಹಾಕಿದವರಿಗೆ ಸಂವಿಧಾನದ ರಕ್ಷಣೆ ಇದೆ ಅಂತ 1998ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು, ಇಷ್ಟು ವರ್ಷ ಅದೇ ಕಾನೂನು, 2024ರ ಮಾರ್ಚ್ 4ಕ್ಕೆ ಏಳು ಜಡ್ಜುಗಳ ಪೀಠ ಅದನ್ನ ರದ್ದು ಮಾಡ್ತು. ಅಷ್ಟರಮಟ್ಟಿಗೆ ದಾರಿ ಮುಚ್ಚಿದೆ. ಪಕ್ಷಾಂತರ ನಿಷೇಧ ಕಾಯ್ದೆ 1985ರಿಂದ ಇದೆ, ಮೂರನೇ ಒಂದು ಭಾಗ ಒಡೆದು ಹೋದ್ರೆ ಆಗುತ್ತೆ ಅನ್ನೋ ಕಿಂಡಿಯನ್ನ 2003ರಲ್ಲಿ ಮುಚ್ಚಿದ್ರು, ಈಗ ಮೂರನೇ ಎರಡು ಭಾಗ ಸೇರಿ ಇನ್ನೊಂದು ಪಕ್ಷದಲ್ಲಿ ವಿಲೀನ ಆಗ್ಬೇಕು. ಉಳಿದಿರೋ ಕಿಂಡಿ ರಾಜೀನಾಮೆ. ಅದನ್ನ ಇಡೀ ದೇಶಕ್ಕೆ ಹೇಳ್ಕೊಟ್ಟವರು ನಾವೇ, ಕರ್ನಾಟಕದವರು, ಹೆಮ್ಮೆಪಡೋ ವಿಷಯ ಏನಲ್ಲ. 2019ರಲ್ಲಿ 17 ಶಾಸಕರು ಅನರ್ಹರಾದ್ರು, ಸುಪ್ರೀಂ ಕೋರ್ಟು ಅನರ್ಹತೆ ಸರಿ ಆದ್ರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತು, ಡಿಸೆಂಬರಲ್ಲಿ 15 ಕಡೆ ಉಪಚುನಾವಣೆ ಆಗಿ 12ರಲ್ಲಿ ಬಿಜೆಪಿ ಗೆಲ್ತು. ಸೋತವರಲ್ಲಿ ಹುಣಸೂರಿನ ವಿಶ್ವನಾಥ್ ಒಬ್ಬರು, 2009ರಲ್ಲಿ ನಮ್ಮ ಎಂಪಿ ಆಗಿದ್ದವರು.

ಸ್ಪೀಕರ್ ಕುರ್ಚಿ ಮೇಲೆ ಎಷ್ಟು ನಿಂತಿದೆ ಅನ್ನೋದು ಕೊಡಗಿನವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರ್ಬೇಕು. ವಿರಾಜಪೇಟೆ ಶಾಸಕರಾಗಿದ್ದ ಕೆ.ಜಿ. ಬೋಪಯ್ಯ 2010ರ ಅಕ್ಟೋಬರಲ್ಲಿ ಸ್ಪೀಕರ್ ಆಗಿ ಬಿಜೆಪಿಯ 11 ಜನ, 5 ಪಕ್ಷೇತರರು, ಒಟ್ಟು 16 ಶಾಸಕರನ್ನ ಅನರ್ಹ ಮಾಡಿದ್ರು. ಯಡಿಯೂರಪ್ಪ ಅವರು ಮೊದಲು ಧ್ವನಿಮತದಲ್ಲಿ, ರಾಜ್ಯಪಾಲರು ಒಪ್ಪದೆ ಮತ್ತೊಮ್ಮೆ ಮಾಡಿಸಿದಾಗ 106ಕ್ಕೆ 100ರಲ್ಲಿ ವಿಶ್ವಾಸಮತ ಗೆದ್ರು. ಆ ಅನರ್ಹತೆಯನ್ನ ಸುಪ್ರೀಂ ಕೋರ್ಟು 2011ರ ಮೇಯಲ್ಲಿ ರದ್ದು ಮಾಡ್ತು, ಅಷ್ಟೊತ್ತಿಗೆ ಸರ್ಕಾರ ಉಳಿದು ಏಳು ತಿಂಗಳಾಗಿತ್ತು. 2018ರಲ್ಲಿ ಅವರೇ ಹಂಗಾಮಿ ಸ್ಪೀಕರ್ ಆದಾಗ ಅದಕ್ಕೇ ಅಷ್ಟು ಗಲಾಟೆ ಆಗಿದ್ದು, ಕೋರ್ಟು ಅವರನ್ನ ಬದಲಾಯಿಸಲಿಲ್ಲ, ನೇರಪ್ರಸಾರ ಮಾಡಿ ಅಂತು, ಓಟು ಆಗೋ ಮುಂಚೆನೇ ಯಡಿಯೂರಪ್ಪ ರಾಜೀನಾಮೆ ಕೊಟ್ರು. ಕೋರ್ಟಿನ ನ್ಯಾಯ ಬರುತ್ತೆ, ಆದ್ರೆ ಸದನದ ಗಡಿಯಾರಕ್ಕಿಂತ ನಿಧಾನ ಬರುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ ಸಂಖ್ಯೆ ಕಮ್ಮಿ ಇರೋ ಸರ್ಕಾರ ಇದ್ದಾಗ ಪ್ರಧಾನಿ ಯಾರು ಅನ್ನೋದರಷ್ಟೇ ಸ್ಪೀಕರ್ ಯಾರು ಅನ್ನೋದೂ ಮುಖ್ಯ, ಮಿತ್ರಪಕ್ಷಗಳು ಚೌಕಾಸಿಯಲ್ಲಿ ಸ್ಪೀಕರ್ ಸ್ಥಾನಕ್ಕೆ ಕೈಹಾಕೋದು ಸುಮ್ನೆ ಅಲ್ಲ.

ಮಗಳು ಹೇಳಿದ್ದು ನಿಜ, ಆದ್ರೆ ಅರ್ಧ. ಕೆನಡಾದಲ್ಲಿ 2021ರ ಚುನಾವಣೆಯಲ್ಲಿ ಟ್ರೂಡೋ ಪಕ್ಷಕ್ಕೆ 338ರಲ್ಲಿ 160 ಬಂತು. 2022ರ ಮಾರ್ಚಲ್ಲಿ ಎನ್‌ಡಿಪಿ ಅನ್ನೋ ಸಣ್ಣ ಪಕ್ಷ ಬೆಂಬಲ ಕೊಡ್ತು, ಮಂತ್ರಿಗಿರಿ ಕೇಳಲಿಲ್ಲ, ಬರಹದಲ್ಲಿ ಕರಾರು ಮಾಡ್ಕೊಳ್ತು, ಬಜೆಟ್‌ಗೆ ವಿಶ್ವಾಸಮತಕ್ಕೆ ನಾವು ಕೈ ಎತ್ತುತೀವಿ, ನೀವು ಇಂತಿಂಥ ಕೆಲಸ ಮಾಡ್ಬೇಕು ಅಂತ. ಸರ್ಕಾರಿ ಹಲ್ಲಿನ ಚಿಕಿತ್ಸೆ ಯೋಜನೆ ಬಂದಿದ್ದು ಆ ಕರಾರಿಂದ. ಆದ್ರೆ ಅಲ್ಲೂ ಚುನಾವಣೆ ವರ್ಷ ಹತ್ತಿರ ಆದ ಕೂಡ್ಲೆ, 2024ರ ಸೆಪ್ಟೆಂಬರಲ್ಲಿ, ಎನ್‌ಡಿಪಿ ಕರಾರು ಹರಿದು ಹಾಕ್ತು, ಅಷ್ಟಾದ್ರೂ ಆಮೇಲೆ ಬಂದ ಅವಿಶ್ವಾಸಗಳಲ್ಲಿ ಸರ್ಕಾರ ಬೀಳಲಿಲ್ಲ. ನಾನು ಮೇಲೆ ಹೇಳಿದ ಕತೆನೇ. 2025ರ ಜನವರಿಯಲ್ಲಿ ಟ್ರೂಡೋ ರಾಜೀನಾಮೆ ಘೋಷಿಸಿದ್ದು ಮುಖ್ಯವಾಗಿ ತಮ್ಮ ಪಕ್ಷದೊಳಗಿನ ಒತ್ತಡಕ್ಕೆ, ಏಪ್ರಿಲ್ ಚುನಾವಣೆಯಲ್ಲಿ ಅದೇ ಪಕ್ಷ 343ರಲ್ಲಿ 169 ತಗೊಂಡು ಮತ್ತೆ ಗೆರೆಗೆ ಮೂರು ಕಮ್ಮಿ. ನಮ್ಮಲ್ಲಿ ಕರಾರಿಗೆ ಹತ್ತಿರ ಬಂದಿದ್ದು 1996 ಮತ್ತೆ 2004ರ ಕನಿಷ್ಠ ಕಾರ್ಯಕ್ರಮಗಳು, ಅಂದ್ರೆ ಸರ್ಕಾರ ಏನೇನು ಮಾಡ್ಬೇಕು ಅಂತ ಜೊತೆಗಿದ್ದ ಪಕ್ಷಗಳೆಲ್ಲ ಒಪ್ಕೊಂಡ ಪಟ್ಟಿ. 2004ರದ್ದು ಬರಹದಲ್ಲಿತ್ತು, ಎಡಪಕ್ಷಗಳು ನಾಲ್ಕು ವರ್ಷ ಜೊತೆಗಿದ್ವು, ಉದ್ಯೋಗ ಖಾತರಿಯಂಥದ್ದು ಅದರಲ್ಲೇ ಬಂತು. ಅಣು ಒಪ್ಪಂದ ಆ ಬರಹದಲ್ಲಿ ಇರಲಿಲ್ಲ, ಅಲ್ಲೇ ಮುರೀತು.

ಹಾಗಾದ್ರೆ ಏನು ನೋಡಿ ಓಟು ಹಾಕೋದು. ಸ್ಥಿರ ಸರ್ಕಾರ ಅನ್ನೋದೊಂದನ್ನೇ ನೋಡಿ ದೊಡ್ಡ ಪಕ್ಷಕ್ಕೆ ಹಾಕ್ತೀನಿ ಅಂದ್ರೆ ಅದು ತಪ್ಪಲ್ಲ, ಲಾಭ ಇದೆ, ಬಜೆಟ್‌ಗೆ ತೊಂದರೆ ಇಲ್ಲ, ಮೇಲಿಂದ ಮೇಲೆ ಚುನಾವಣೆ ಇಲ್ಲ. ಅದರ ರಿಸ್ಕು ಏನಂದ್ರೆ ಭರ್ತಿ ಬಹುಮತ ಇರೋ ಸರ್ಕಾರಕ್ಕೆ ಎರಡು ವಿಧಾನಸಭಾ ಕ್ಷೇತ್ರದ ಕೊಡಗು ಕಣ್ಣಿಗೇ ಬೀಳಲ್ಲ. ಮೈತ್ರಿಕೂಟದ ಅಭ್ಯರ್ಥಿಗೆ ಹಾಕೋದಾದ್ರೆ ಮೈತ್ರಿ ಚುನಾವಣೆಗೆ ಮುಂಚೆ ಆಗಿದ್ದಾ, ಬರಹದಲ್ಲಿ ಏನಿದೆ ಅಂತ ಕೇಳಿ. ಫಲಿತಾಂಶ ಬಂದ ರಾತ್ರಿ ಹೋಟೆಲಲ್ಲಿ ಆಗೋ ಮೈತ್ರಿಗೆ ನೀವು ಓಟು ಹಾಕಿರಲ್ಲ, 2018ರಲ್ಲಿ ಇಲ್ಲೇ ನೋಡಿದ್ವಲ್ಲ, ಚುನಾವಣೆಯಲ್ಲಿ ಒಬ್ರಿಗೊಬ್ರು ಬೈದಾಡಿದವರು ಒಂದಾಗಿ ಹದಿನಾಲ್ಕು ತಿಂಗಳು ನಡೆಸಿದ್ರು. ಸಣ್ಣ ಪಕ್ಷಕ್ಕೋ ಪಕ್ಷೇತರರಿಗೋ ಹಾಕ್ತೀನಿ ಅಂದ್ರೆ ಅವರ ಒಂದು ಸೀಟು ಅಲ್ಪಮತದ ಲೋಕಸಭೆಯಲ್ಲಿ ಚಿನ್ನ, ಬಹುಮತದ ಲೋಕಸಭೆಯಲ್ಲಿ ತವಡು, ಆ ಜೂಜು ಆಡೋಕೆ ಇಷ್ಟ ಇದ್ರೆ ಆಡಿ. ನನ್ನನ್ನ ಕೇಳಿದ್ರೆ ಯಾರೇ ಓಟು ಕೇಳೋಕೆ ಬರಲಿ, ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ, ಆನೆ ದಾಳಿ ಪರಿಹಾರದ ಬಗ್ಗೆ ಸದನದಲ್ಲಿ ಏನು ಕೇಳ್ತೀರ ಅಂತ ಬರೆಸ್ಕೊಳ್ಳಿ, ನಾಲ್ಕು ಜನರ ಎದುರು, ಸಹಿ ಸಮೇತ. ಬೆಳೆಗಾರರ ಸಂಘ ಮನಸ್ಸು ಮಾಡಿದ್ರೆ ಇದು ಕಷ್ಟ ಅಲ್ಲ. ಫೋಟೋಗೆ ಪೋಸ್ ಕೊಡೋದು ಬಿಟ್ಟು ಅದನ್ನ ಮಾಡಲಿ ಅನ್ನೋದು ನನ್ನ ಹಳೇ ಗೊಣಗಾಟ.

ಕೊನೇದಾಗಿ ಮಕ್ಕಳ ಓಟು. ಮಗ ಸರ್ವಿಸ್ ಓಟರ್ ಆಗಿ ಹೆಸರು ಸೇರಿಸಿದಾನಾ ಅಂತ ಈಗಲೇ ಕೇಳಿ. ಅದಕ್ಕೆ ಫಾರಂ 2, ಅವನ ಯೂನಿಟ್‌ನ ರೆಕಾರ್ಡ್ ಆಫೀಸ್ ಮೂಲಕನೇ ಹೋಗ್ಬೇಕು, ಅಂಚೆ ಮತಪತ್ರ ಈಗ ಆನ್‌ಲೈನಲ್ಲಿ ಯೂನಿಟ್‌ಗೆ ಬರುತ್ತೆ, ಡೌನ್‌ಲೋಡ್ ಮಾಡಿ ಗುರುತು ಹಾಕಿ ಪೋಸ್ಟಲ್ಲಿ ಕಳಿಸೋದು, ಎಣಿಕೆ ದಿನ ಬೆಳಿಗ್ಗೆ 8 ಗಂಟೆಯೊಳಗೆ ಇಲ್ಲಿಗೆ ಮುಟ್ಟಿರ್ಬೇಕು. ಅವಧಿಗೆ ಮುಂಚೆ ಚುನಾವಣೆ ಬಂದ್ರೆ ಪಟ್ಟಿ ತಿದ್ದೋಕೆ ಟೈಮ್ ಸಿಗಲ್ಲ, ಆದ್ದರಿಂದ ಕಾಯೋದು ಬೇಡ. ಮಗಳದ್ದು ಪಾಸ್‌ಪೋರ್ಟ್ ಮೇಲೆ ಹೋಗುತ್ತೆ. ಕೆನಡಾ ಪೌರತ್ವ ತಗೊಂಡಿದ್ರೆ ಇಲ್ಲಿ ಓಟು ಇಲ್ಲ. ಭಾರತದ ಪಾಸ್‌ಪೋರ್ಟೇ ಇದ್ರೆ ಫಾರಂ 6ಎ ಹಾಕಿ ಪಾಸ್‌ಪೋರ್ಟಲ್ಲಿರೋ ವಿಳಾಸದ ಮತಗಟ್ಟೆಯ ಪಟ್ಟಿಗೆ ಸೇರಬಹುದು, ಆದ್ರೆ ಅಲ್ಲಿಂದ ಓಟು ಹಾಕೋ ವ್ಯವಸ್ಥೆ ಇಲ್ಲ, ಖುದ್ದಾಗಿ ಪಾಸ್‌ಪೋರ್ಟ್ ಹಿಡ್ಕೊಂಡು ಬೂತಿಗೆ ಬರಬೇಕು.